ಕಿಟಕಿಗೆ ಹಿಡಿದ ನಾನೂರು ಅಡಿ

ಪುಸ್ತಕದ ದುಡ್ಡಿಗೆ ಯಾರಾದರೂ ಕೈ ಹಾಕಿದರೆ ನನಗೆ ಮೈಯೆಲ್ಲ ಉರಿದುಹೋಗುತ್ತದೆ. ಇದು ನನ್ನ ಸ್ವಭಾವ, ತಿದ್ದಿಕೊಳ್ಳುವ ವಯಸ್ಸು ಈಗಿಲ್ಲ. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಅಜ್ಜಂಪುರದ ನಮ್ಮ ಗ್ರಂಥಾಲಯಕ್ಕೆ ಪುಸ್ತಕಕ್ಕೆಂದು ವರ್ಷಕ್ಕೆ ಬರುತ್ತಿದ್ದದ್ದು ನೂರೈವತ್ತು ರೂಪಾಯಿ. ಗ್ರಂಥಾಲಯವೆಂದರೆ ಸಂತೆ ಮೈದಾನದ ಪಕ್ಕ ಎರಡು ಕೋಣೆ, ಮೂರು ಬೀರು, ಒಂದು ಉದ್ದನೆಯ ಮೇಜು, ಮತ್ತು ನಾನು, ಮಲ್ಲಿಕಾರ್ಜುನಯ್ಯ. ಒಂದು ದಿನವೂ ಪಾಠ ಹೇಳಿದವನಲ್ಲ, ಆದರೂ ಊರವರ ಬಾಯಲ್ಲಿ ನಾನು ಲೈಬ್ರರಿ ಮೇಷ್ಟ್ರು. ಆ ವರ್ಷ ಕೊಳ್ಳಬೇಕಾದ ಪುಸ್ತಕಗಳ ಪಟ್ಟಿಯನ್ನು ಸಂಕ್ರಾಂತಿಗೇ ಬರೆದು ಮುಗಿಸಿದ್ದೆ. ಎಲ್ಲಾ ಸೇರಿ ಎಂಬತ್ತು ಪುಸ್ತಕ.

ಮಾರ್ಚ್ ತಿಂಗಳ ಮೊದಲ ವಾರ ಜಿಲ್ಲಾ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಗ್ರಂಥಾಲಯಗಳು ಇನ್ನು ಮುಂದೆ ಶೈಕ್ಷಣಿಕ ಸಾಕ್ಷ್ಯಚಿತ್ರಗಳನ್ನೂ ಕೊಂಡು ಇಟ್ಟುಕೊಳ್ಳಬಹುದು ಎಂದು ಬರೆದು, ಕೆಳಗೆ ಚಿತ್ರಗಳ ಹೆಸರನ್ನೂ ದರವನ್ನೂ ಕೊಟ್ಟಿದ್ದರು. ಕಾಂಪೋಸ್ಟ್ ಗೊಬ್ಬರದ ಚಿತ್ರ ಇನ್ನೂರಹತ್ತು ರೂಪಾಯಿ. ಬಾವಿ ನೀರಿನ ಶುದ್ಧಿ ನೂರತೊಂಬತ್ತು. ಹೆರಿಗೆ ಮತ್ತು ಎಳೆಗೂಸಿನ ಆರೈಕೆ ನೂರಹತ್ತು. ನಾನು ಅದನ್ನು ಓದಿ ಮಡಿಸಿ ಮೇಜಿನ ಖಾನೆಯ ತಳಕ್ಕೆ ಸೇರಿಸಿದೆ. ಆದರೆ ಅದರದೇ ಇನ್ನೊಂದು ಪ್ರತಿ ನಮ್ಮ ಸಮಿತಿಯ ಅಧ್ಯಕ್ಷ ದೊಡ್ಡಬೀರಪ್ಪನವರಿಗೂ ಹೋಗಿತ್ತು.

ದೊಡ್ಡಬೀರಪ್ಪನವರು ಮುನ್ನೂರು ತೆಂಗಿನ ಮರದ ಯಜಮಾನರು. ಊರಿಗೆ ಹೊಸದು ಏನು ಬಂದರೂ ಮೊದಲು ತಮ್ಮ ಕೈಯಿಂದಲೇ ಬರಬೇಕು ಎನ್ನುವವರು. ಸಭೆಯಲ್ಲಿ ಅವರು ಎದ್ದುನಿಂತೇ ಮಾತಾಡಿದರು.

"ಓದಕ್ಕೆ ಬಾರದೋರು ಊರಲ್ಲಿ ಮುಕ್ಕಾಲು ಪಾಲು ಅವ್ರೆ ಮಲ್ಲಿಕಾರ್ಜುನಯ್ಯನೋರೆ. ಅವರಿಗೆ ನಿಮ್ಮ ಎಂಬತ್ತು ಪುಸ್ತಕ ತಗಂಡು ಏನಾಗಬೇಕು? ಪಿಚ್ಚರ್ ಆದ್ರೆ ಕಣ್ಣಿದ್ದೋರೆಲ್ಲ ನೋಡ್ತಾರೆ."

"ಅದರಲ್ಲಿ ತೀರಾ ಅಗ್ಗದ್ದೇ ಅರವತ್ತು ಪುಸ್ತಕದ ದುಡ್ಡು ಸ್ವಾಮಿ," ಎಂದೆ. ಧ್ವನಿ ಸ್ವಲ್ಪ ಜೋರಾಗಿಯೇ ಇತ್ತು.

ನನ್ನ ಮಾತು ನಡೆಯಲಿಲ್ಲ. ಮೂರರಲ್ಲಿ ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆ ಬಂದಾಗ ಎಲ್ಲರೂ ಗೊಬ್ಬರವೇ ಇರಲಿ ಎಂದರು. ಆದರೆ ಇದ್ದದ್ದು ನೂರೈವತ್ತು. ಹೆರಿಗೆ ಎಂಬ ಪದವನ್ನು ಬಾಯಿಬಿಟ್ಟು ಹೇಳಲಾರದ ಐದು ಜನ ಗಂಡಸರು, "ಆ ಮೂರನೇದು" "ಆ ಕೊನೇದು" ಎಂದು ಸುತ್ತಿ ಬಳಸಿ ಅದಕ್ಕೇ ಒಪ್ಪಿಗೆ ಕೊಟ್ಟರು. ಮಾರ್ಚ್ ಮೂವತ್ತೊಂದರೊಳಗೆ ಖರ್ಚು ಮಾಡದಿದ್ದರೆ ಹಣ ವಾಪಸ್ ಹೋಗುತ್ತಿತ್ತು.

ಏಪ್ರಿಲ್‌ನಲ್ಲಿ ಒಂದು ತಗಡಿನ ಡಬ್ಬಿ ರೈಲಿನಲ್ಲಿ ಬಂತು. ತಟ್ಟೆಯಷ್ಟು ಅಗಲ, ಒಳಗೆ ಸುತ್ತಿಟ್ಟ ಕಪ್ಪು ಪಟ್ಟಿ, ನಾನೂರು ಅಡಿ. ದೊಡ್ಡಬೀರಪ್ಪನವರು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮಿಷನ್ ಎಲ್ಲಿ?" ಎಂದರು. ಆಗ ನಮಗೆಲ್ಲ ಹೊಳೆಯಿತು. ಕೊಂಡದ್ದು ಚಿತ್ರ ಮಾತ್ರ, ಅದನ್ನು ಓಡಿಸುವ ಯಂತ್ರವಲ್ಲ. ಅಷ್ಟು ಜಗಳವಾಡಿದ ನನಗೂ ಅದು ತೋಚಿರಲಿಲ್ಲ ಎಂಬುದೇ ನನಗೆ ಹೆಚ್ಚು ಅವಮಾನ.

ಅಧ್ಯಕ್ಷರು ಸೋಲುವವರಲ್ಲ. ಕಡೂರಿನ ಟೆಂಟ್ ಸಿನಿಮಾದಲ್ಲಿ ಮಿಷನ್ ಇದೆಯಲ್ಲ, ಒಂದು ಬೆಳಗಿನ ಹೊತ್ತು ಬಾಡಿಗೆಗೆ ಹಿಡಿದರಾಯಿತು ಎಂದು ನನ್ನನ್ನೂ ಬಸ್ಸು ಹತ್ತಿಸಿ, ಡಬ್ಬಿಯನ್ನು ನನ್ನ ತೊಡೆಯ ಮೇಲೆ ಇರಿಸಿ ತಾವು ಪಕ್ಕದಲ್ಲಿ ಕೂತರು. ಅಲ್ಲಿ ಮಿಷನ್ ನಡೆಸುವ ಲಕ್ಕಣ್ಣ ಪಟ್ಟಿಯನ್ನು ನೋಡಿ ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. "ಇದು ಹದಿನಾರು ಎಂಎಂದು ಕಣ್ರೀ, ಕಿರುಬೆರಳಷ್ಟಗಲ. ನಮ್ದು ಮೂವತ್ತೈದು. ಎತ್ತಿನ ನೊಗಕ್ಕೆ ಮೇಕೆ ಕಟ್ಟಕ್ಕಾಗುತ್ತಾ? ಇದರ ಮಿಷನ್ನೇ ಬೇರೆ. ಎರಡು ಸಾವಿರದ ಮೇಲೆ ಬೀಳ್ತದೆ."

ಇಬ್ಬರೂ ಅದೇ ಡಬ್ಬಿ ಹಿಡಿದುಕೊಂಡು ಊರಿಗೆ ವಾಪಸ್ ಬಂದೆವು. ನಾನು ಆ ಡಬ್ಬಿಗೆ ಎಲ್ಲ ಪುಸ್ತಕಕ್ಕೂ ಹಾಕುವಂತೆ ಸಂಖ್ಯೆ ಹಾಕಿ, ಚೀಟಿ ಅಂಟಿಸಿ, ಮೂರನೇ ಬೀರುವಿನ ಕೆಳಗಿನ ಖಾನೆಯಲ್ಲಿ ನಿಲ್ಲಿಸಿದೆ.

ಜೂನ್‌ನಲ್ಲಿ ಒಂದು ಮಧ್ಯಾಹ್ನ, ಓದುವವರು ಯಾರೂ ಇಲ್ಲದ ಹೊತ್ತಿನಲ್ಲಿ, ಅಂಜಿನಮ್ಮ ಬಂದು ಬಾಗಿಲಲ್ಲಿ ನಿಂತಳು. ಅಂಜಿನಮ್ಮ ನಮ್ಮೂರ ಸೂಲಗಿತ್ತಿ. ನನ್ನ ಇಬ್ಬರು ಮಕ್ಕಳನ್ನೂ ಭೂಮಿಗಿಳಿಸಿದವಳು ಅವಳೇ. ಐವತ್ತೈದು ದಾಟಿದ ಹೆಂಗಸು, ಅಕ್ಷರ ಗೊತ್ತಿಲ್ಲ, ಗ್ರಂಥಾಲಯದ ಹೊಸ್ತಿಲು ತುಳಿದದ್ದು ಅದೇ ಮೊದಲು.

"ಮೇಷ್ಟ್ರೇ, ಹೆರಿಗೆ ಪಿಚ್ಚರ್ ತರ್ಸಿದೀರಂತೆ. ನಂಗೊಂದ್ಸಲ ತೋರಿಸ್ಬೇಕು."

"ತೋರಿಸೋಕೆ ಮಿಷನ್ ಇಲ್ಲಮ್ಮ. ಊರೆಲ್ಲ ನಗ್ತಾ ಇದೆ, ನಿನಗೆ ಗೊತ್ತಿಲ್ವಾ?"

"ಗೊತ್ತು. ಮಿಷನ್ ಬ್ಯಾಡ. ಡಬ್ಬಿ ಬಿಚ್ಚಿ."

ನನಗೆ ನಗು ಬಂತು. ಅವಳು ನಗಲಿಲ್ಲ. ಮೇಜಿನ ಪಕ್ಕ ನೆಲದ ಮೇಲೆ ಕೂತು, ಯಾಕೆ ಬೇಕೆಂದು ಹೇಳಿದಳು. ಮೂರು ವರ್ಷದ ಹಿಂದೆ ತರೀಕೆರೆಯ ಅಣ್ಣನ ಮನೆಗೆ ಹೋಗಿದ್ದಾಗ, ಸರ್ಕಾರದ ವ್ಯಾನಿನವರು ಬಯಲಲ್ಲಿ ಬಿಳಿ ಬಟ್ಟೆ ಕಟ್ಟಿ ಇದೇ ಚಿತ್ರ ತೋರಿಸಿದರಂತೆ. ಗಂಡಸರು ಹೆಂಗಸರು ಎಲ್ಲ ಸೇರಿ ಜಾತ್ರೆಯಷ್ಟು ಜನ. ಮಗು ಹುಟ್ಟುವ ಭಾಗ ಬಂದದ್ದೇ ಪಡ್ಡೆಗಳು ಶಿಳ್ಳೆ ಹಾಕಿದರು. ಹೆಂಗಸರೆಲ್ಲ ನಾಚಿಕೆಯಿಂದ ಮುಖಕ್ಕೆ ಸೆರಗು ಮುಚ್ಚಿ ತಲೆ ಬಗ್ಗಿಸಿದರು.

"ನಾನೂ ಬಗ್ಗಿಸ್ದೆ ಮೇಷ್ಟ್ರೇ. ನೂರಾರು ಹೆರಿಗೆ ಮಾಡ್ಸಿದೋಳು, ನಂಗೆಂಥಾ ನಾಚಿಕೆ? ಆದ್ರೂ ಎಲ್ಲಾರೂ ಮುಚ್ಕಂಡ್ರಲ್ಲ, ನಾನೂ ಮುಚ್ಕಂಡೆ. ತಲೆ ಎತ್ತೋವಷ್ಟರಲ್ಲಿ ಪಿಚ್ಚರ್‌ನಾಗಿನ ನರ್ಸಮ್ಮ ಅಳದ ಕೂಸಿನ ಬಾಯಿಗೆ ಬಾಯಿ ಇಟ್ಟು ಊದ್ತಾ ಇದ್ಲು. ಕೂಸು ಅತ್ತುಬಿಡ್ತು. ಅದಕ್ಕೆ ಮುಂಚೆ ಏನು ಮಾಡಿದ್ಲೋ ನಾನು ನೋಡ್ಲಿಲ್ಲ."

ಮರು ವರ್ಷ ಅವಳ ಮಗಳು ಹಾಲಮ್ಮ ಚೌಳಹಿರಿಯೂರಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಳು. ಕೂಸು ನೀಲಿಗಟ್ಟಿ ಬಂತು, ಅಳಲಿಲ್ಲ. ಅಂಜಿನಮ್ಮ ತಾನು ಕಂಡದ್ದನ್ನು ಮಾಡಿದಳು, ಊದಿದಳು. ಕೂಸು ಉಳಿಯಲಿಲ್ಲ.

"ಈಗ ಹಾಲಮ್ಮಂಗೆ ಮತ್ತೆ ಐದು ತಿಂಗಳು. ನನ್ನ ಕೈಗೇ ಬರ್ತಾಳೆ. ಊದಕ್ಕೆ ಮುಂಚೆ ಏನು ಮಾಡ್ಬೇಕು ಅಂತ ನಂಗೆ ಗೊತ್ತಾಗಬೇಕು."

ನಾನು ಬೀರುವಿನ ಬೀಗ ತೆಗೆದೆ.

ಕಿಟಕಿಯ ಹತ್ತಿರ ಬೆಳಕು ಚೆನ್ನಾಗಿತ್ತು. ಕೈ ತೊಳೆದುಕೊಂಡು ಬಾ ಎಂದೆ, ಪುಸ್ತಕ ಮುಟ್ಟುವವರಿಗೆ ನಾನು ಹೇಳುವುದೇ ಹಾಗೆ. ಸುರುಳಿಯನ್ನು ಬಿಚ್ಚಿ ಒಂದು ಮೊಳದಷ್ಟು ಪಟ್ಟಿಯನ್ನು ಬೆಳಕಿಗೆ ಹಿಡಿದೆ. ಕಿರುಬೆರಳಿನ ಉಗುರಿನಷ್ಟು ಚಿಕ್ಕ ಚಿಕ್ಕ ಚಿತ್ರಗಳು, ಒಂದರ ಕೆಳಗೊಂದು. ಸಣ್ಣ ಅಕ್ಷರ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟೆ. ಅವಳು ನೋಡತೊಡಗಿದಳು. ನಾನು ಪಟ್ಟಿ ಹಿಡಿದುಕೊಂಡು, ಮುಖವನ್ನು ಮಾತ್ರ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿಸಿಕೊಂಡೆ. ಸಭೆಯಲ್ಲಿ ಹೆರಿಗೆ ಎನ್ನಲಾರದ ಗಂಡಸರನ್ನು ಮನಸ್ಸಿನಲ್ಲೇ ಆಡಿಕೊಂಡಿದ್ದವನು ನಾನು.

"ಎಲ್ಲಾ ಒಂದೇ ತರ ಐತಲ್ಲ ಮೇಷ್ಟ್ರೇ. ಇದು ಮನೆಯೋ ಆಸ್ಪತ್ರೆಯೋ? ನೀವೂ ಒಸಿ ನೋಡಿ. ಬರೀ ಕ್ಯಾಲೆಂಡರ್ ನೋಡಿದ್ರೆ ಆಯ್ತದಾ?"

ನಾನೂ ನೋಡಿದೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ವ್ಯತ್ಯಾಸವೇ ಕಾಣದು. ಹತ್ತು ಚಿತ್ರ ದಾಟಿದರೆ ನರ್ಸಿನ ಕೈ ಒಂದು ಅಕ್ಕಿಕಾಳಿನಷ್ಟು ಸರಿದಿರುತ್ತಿತ್ತು. ಮೊದಲ ದಿನ ನೀರು ಕುದಿಸುವುದರಲ್ಲೇ ಮುಗಿಯಿತು. ಎರಡನೆಯ ದಿನ ಹೊಕ್ಕುಳಬಳ್ಳಿ ಕಟ್ಟುವುದು. ನಾನು ಒಂದು ಕೈಯಿಂದ ಬಿಚ್ಚುತ್ತ ಇನ್ನೊಂದು ಕೈಯಿಂದ ಸುತ್ತುತ್ತ ಹೋದೆ, ಅವಳು ಬೆರಳುಗಳನ್ನೇ ನೋಡುತ್ತಿದ್ದಳು. "ಬಳ್ಳಿ ಎರಡು ಕಡೆ ಕಟ್ತಾಳೆ ನೋಡಿ, ನಾವು ಒಂದೇ ಕಡೆ ಕಟ್ತೀವಿ," ಎಂದು ತನ್ನ ಪಾಡಿಗೆ ಹೇಳಿಕೊಳ್ಳುತ್ತ, ಗಾಳಿಯಲ್ಲಿ ತಾನೂ ಗಂಟು ಹಾಕುತ್ತಿದ್ದಳು. ಓಡುವ ಚಿತ್ರದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವುದು ನಮ್ಮ ಕಿಟಕಿಯಲ್ಲಿ ಕಾಲು ಗಂಟೆ ನಿಲ್ಲುತ್ತಿತ್ತು. ಇಷ್ಟು ಗಮನ ಕೊಟ್ಟು ಓದುವವರನ್ನು ನಾನು ನನ್ನ ಗ್ರಂಥಾಲಯದಲ್ಲಿ ಅದುವರೆಗೆ ಕಂಡಿರಲಿಲ್ಲ.

ಮೂರನೆಯ ಮಧ್ಯಾಹ್ನ ಆ ಜಾಗ ಸಿಕ್ಕಿತು. ನರ್ಸು ಕೂಸಿನ ತಲೆಯನ್ನು ತಗ್ಗಿಸಿ ಹಿಡಿದಿದ್ದಾಳೆ. ತೆಳುವಾದ ಬಟ್ಟೆಯನ್ನು ಕಿರುಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಬೆರಳು ಕೂಸಿನ ಬಾಯೊಳಗೆ ಹೋಗುತ್ತದೆ, ಒಂದು ಸುತ್ತು ತಿರುಗುತ್ತದೆ, ಲೋಳೆಯನ್ನು ಒರೆಸಿಕೊಂಡು ಹೊರಗೆ ಬರುತ್ತದೆ. ಊದುವುದು ಅದಾದ ಮೇಲೆ.

ಅಂಜಿನಮ್ಮ ಆ ಒಂದೂವರೆ ಅಡಿಯನ್ನು ನಾಲ್ಕು ಸಲ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟಳು.

"ಬಾಯಿ ಒರಸ್ಬೇಕಿತ್ತು," ಎಂದಳು. "ಒಳಗೆ ಲೋಳೆ ಕಟ್ಕಂಡಿತ್ತು. ನಾನು ಊದಿ ಊದಿ ಅದನ್ನ ಇನ್ನೂ ಒಳಕ್ಕೇ ತಳ್ಳಿದೀನಿ."

"ಯಾರಿಗೆ ಗೊತ್ತಮ್ಮ? ಒರೆಸಿದ್ರೂ ಉಳೀತಿತ್ತೋ ಇಲ್ವೋ."

"ಅದು ನಂಗೂ ಗೊತ್ತಿಲ್ಲ ಮೇಷ್ಟ್ರೇ. ಒರಸ್ಲಿಲ್ಲ ಅನ್ನೋದು ಗೊತ್ತು."

ಅವಳು ಎದ್ದು ಹೋದಳು. ನಾನು ಅವಳ ಸೆರಗಿನಿಂದ ಬಿದ್ದಿದ್ದ ಒಂದು ಕೆಂಪು ದಾರವನ್ನು ಆ ಜಾಗದ ಅಂಚಿನ ತೂತಿಗೆ ಕಟ್ಟಿ ಗುರುತು ಮಾಡಿ, ಸುರುಳಿಯನ್ನು ಡಬ್ಬಿಗೆ ಹಾಕಿದೆ. ತೋರಿಸಬಾರದಿತ್ತೇನೋ ಎನ್ನಿಸಿ ಸಂಕಟವಾಯಿತು.

ಜುಲೈ ಇಡೀ ಅವಳು ಬರಲಿಲ್ಲ. ಆಗಸ್ಟಿನಲ್ಲಿ ಜಿಲ್ಲಾ ಕಚೇರಿಯ ಕಾಗದ ಬಂತು. ದೊಡ್ಡಬೀರಪ್ಪನವರು ಪಟ್ಟುಬಿಡದೆ ಮೂರು ಅರ್ಜಿ ಗುಜರಾಯಿಸಿದ್ದರ ಫಲ ಅದು. ಪ್ರಕ್ಷೇಪಕ ಯಂತ್ರವಿಲ್ಲದ ಗ್ರಂಥಾಲಯಗಳು ಚಿತ್ರವನ್ನು ಆಗಸ್ಟ್ ಇಪ್ಪತ್ತೈದರೊಳಗೆ ಕಚೇರಿಗೆ ಮುಟ್ಟಿಸಿದರೆ ಪೂರ್ತಿ ಹಣವನ್ನು ಪುಸ್ತಕದ ಬಾಬ್ತಿಗೆ ಹಿಂತಿರುಗಿಸಲಾಗುವುದು, ತಡವಾದರೆ ಇಲ್ಲ. ನಾನು ಕಾಗದವನ್ನು ಮೂರು ಸಲ ಓದಿದೆ. ಖಾನೆಯಿಂದ ಹಳೆಯ ಪಟ್ಟಿ ತೆಗೆದು, ಅರವತ್ತು ಪುಸ್ತಕಗಳ ಹೆಸರನ್ನು ಹೊಸ ಹಾಳೆಯಲ್ಲಿ ಅಂದವಾಗಿ ಬರೆದೆ. ಅಷ್ಟು ಖುಷಿಯಾಗಿ ಎಷ್ಟೋ ವರ್ಷವಾಗಿತ್ತು. ಅಂಗಡಿಯಿಂದ ಹುರಿ, ರಟ್ಟು ತಂದು ಡಬ್ಬಿಯನ್ನು ಮೇಜಿನ ಮೇಲಿಟ್ಟು ಕಟ್ಟಲು ಕೂತೆ.

ಆಗ ಹಾಲಮ್ಮ ಬಂದಳು. ಏಳು ತಿಂಗಳು ತುಂಬಿದ ಬಸುರಿ, ಬೆನ್ನ ಮೇಲೆ ಕೈ ಊರಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದಳು. ನಾನು ಕುರ್ಚಿ ಕೊಟ್ಟೆ.

"ಅವ್ವಂಗೆ ಏನು ತೋರಿಸಿದ್ರೋ ಅದನ್ನ ನಂಗೂ ತೋರ್ಸಿ ಮೇಷ್ಟ್ರೇ."

"ನಿಮ್ಮವ್ವ ಏನಾದ್ರೂ ಹೇಳಿದ್ಳೇನಮ್ಮ?"

"ಎಲ್ಲಾ ಹೇಳಿದ್ಲು. ನಿನ್ನ ಕೂಸು ನನ್ನ ಕೈಯಿಂದ ಹೋಯ್ತು, ಈ ಸಲ ತರೀಕೆರೆ ಆಸ್ಪತ್ರೆಗೆ ಹೋಗು, ನಾನು ಮುಟ್ಟಲ್ಲ ಅಂತ ಕುಂತವ್ಳೆ. ಯಾರ ಮನೆ ಹೆರಿಗೆಗೂ ಹೋಗ್ತಿಲ್ಲ. ಸರಿಯಾಗಿ ಉಣ್ತಾನೂ ಇಲ್ಲ."

ಕೆಂಪು ದಾರ ಸಿಗುವವರೆಗೆ ಸುರುಳಿ ಬಿಚ್ಚಿ ಕಿಟಕಿಗೆ ಹಿಡಿದೆ. ಹಾಲಮ್ಮ ಭೂತಗನ್ನಡಿ ಹಿಡಿದು ನೋಡಿದಳು. ಬಟ್ಟೆ ಸುತ್ತಿದ ಬೆರಳನ್ನು ನೋಡಿದಳು, ಕೂಸಿನ ತೆರೆದ ಬಾಯನ್ನು ನೋಡಿದಳು. ಅವಳ ಕಣ್ಣಿಂದ ನೀರು ಇಳಿದು ಗಲ್ಲದಿಂದ ತೊಟ್ಟಿಕ್ಕಿತು. ಅದು ಪಟ್ಟಿಯ ಮೇಲೆ ಬೀಳದಂತೆ ಅವಳೇ ಹಿಂದಕ್ಕೆ ಸರಿದಳು.

"ಇಷ್ಟೇ ಇಷ್ಟು," ಎಂದಳು. ಭೂತಗನ್ನಡಿಯನ್ನು ಕೆಳಗಿಟ್ಟು, "ಅವ್ವ ಆವತ್ತು ಅದನ್ನ ಕೆಳಕ್ಕೇ ಇಡ್ಲಿಲ್ಲ ಮೇಷ್ಟ್ರೇ. ತಣ್ಣಗಾದ್ಮೇಲೂ ಊದ್ತಾನೇ ಇದ್ಲು. ನಾನೇ ಸಾಕು ಬಿಡವ್ವಾ ಅಂದೆ," ಎಂದಳು.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, "ಇದನ್ನ ಮನೆಗೆ ಒಯ್ಯಬೋದಾ? ಹೆರಿಗೆ ಆಗೋಗಂಟ. ಆಸ್ಪತ್ರೆಗೆ ನಾನು ಹೋಗಲ್ಲ. ಅವ್ವನೇ ಹಿಡೀಬೇಕು. ದಿನಾ ಒಂದ್ಸಲ ನೋಡ್ಕಂಡ್ರೆ ಅವಳಿಗೆ ಧೈರ್ಯ ಬತ್ತದೆ."

ಮೇಜಿನ ಮೇಲೆ ಹುರಿ ಇತ್ತು, ರಟ್ಟು ಇತ್ತು, ಕಚೇರಿಯ ಕಾಗದ ಇತ್ತು, ಅರವತ್ತು ಹೆಸರಿನ ಹಾಳೆ ಇತ್ತು. ಹೆರಿಗೆಗೆ ಇನ್ನೂ ಎರಡು ತಿಂಗಳು. ಇಪ್ಪತ್ತೈದಕ್ಕೆ ಇನ್ನು ಒಂಬತ್ತೇ ದಿನ. ಇಲ್ಲಿಗೇ ಬಂದು ನೋಡಿಕೊಂಡು ಹೋಗಿ, ಆಮೇಲೆ ನಾನಿದನ್ನು ಕಳಿಸಬೇಕು ಎನ್ನಬಹುದಿತ್ತು. ತಪ್ಪೂ ಆಗುತ್ತಿರಲಿಲ್ಲ. ನಾನು ಸುಳ್ಳು ಹೇಳುವುದಿಲ್ಲ, ಆ ಹಾಳೆಯನ್ನು ನೋಡಿ ನನಗೆ ನಿಜವಾಗಿಯೂ ದುಃಖವಾಯಿತು. ಕೆಲವು ಪುಸ್ತಕಗಳಿಗಾಗಿ ನಾಲ್ಕು ವರ್ಷ ಕಾದಿದ್ದೆ.

ಆದರೆ ನಮ್ಮ ಗ್ರಂಥಾಲಯಕ್ಕೆ ನಿಯಮಗಳಿದ್ದವು, ಬರೆದವನು ನಾನೇ. ಸಂಖ್ಯೆ ಬಿದ್ದ ಯಾವುದನ್ನೇ ಆಗಲಿ ಸದಸ್ಯರು ಹದಿನೈದು ದಿನಕ್ಕೆ ಎರವಲು ಒಯ್ಯಬಹುದು. ಬೇರೆ ಯಾರೂ ಕೇಳದಿದ್ದರೆ ಮತ್ತೆ ಹದಿನೈದು ದಿನಕ್ಕೆ ಬರೆಸಿಕೊಳ್ಳಬಹುದು. ಒಯ್ದದ್ದನ್ನು ಗಡುವಿಗೆ ಮುಂಚೆ ವಾಪಸ್ ಕೇಳುವ ಹಕ್ಕು ಅಧ್ಯಕ್ಷರಿಗೂ ಇಲ್ಲ. ದೊಡ್ಡಬೀರಪ್ಪನವರ ನೆಂಟರ ಕಾಟಕ್ಕೆ ಆ ಕೊನೆಯ ನಿಯಮ ಸೇರಿಸಿದ್ದೆ. ನಾನು ಅಂಜಿನಮ್ಮನನ್ನು ಸದಸ್ಯಳನ್ನಾಗಿ ಬರೆದುಕೊಂಡು, ನಾಲ್ಕಾಣೆ ಚಂದಾ ನನ್ನ ಜೇಬಿನಿಂದ ಹಾಕಿ, ಡಬ್ಬಿಯ ಜೊತೆಗೆ ಭೂತಗನ್ನಡಿಯನ್ನೂ ಹಾಲಮ್ಮನ ಕೈಗೆ ಕೊಟ್ಟೆ. ರಿಜಿಸ್ಟರ್ ಹಿಡಿದುಕೊಂಡು ಅವರ ಮನೆಗೇ ಹೋಗಿ ಅಂಜಿನಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೆ. ಅವಳು ಡಬ್ಬಿಯನ್ನು ನೋಡಲಿಲ್ಲ, ಮಗಳ ಮುಖವನ್ನೇ ನೋಡುತ್ತಿದ್ದಳು.

ಕಚೇರಿಗೆ "ಚಿತ್ರವು ಸದಸ್ಯರ ಉಪಯೋಗದಲ್ಲಿರುತ್ತದೆ" ಎಂದು ಒಂದು ಸಾಲು ಬರೆದು ಕಳಿಸಿದೆ. ಇಪ್ಪತ್ತೈದನೇ ತಾರೀಖು ಬಂತು, ಹೋಯಿತು.

ದೊಡ್ಡಬೀರಪ್ಪನವರು ಕೆಂಡವಾದರು. "ನೀವೇ ಅಲ್ವೇನ್ರೀ ಅರವತ್ತು ಪುಸ್ತಕ ಅಂತ ಬಾಯಿ ಬಡ್ಕಂಡೋರು? ನಾನು ಅವರಿವರ ಕಾಲು ಹಿಡಿದು ದುಡ್ಡು ವಾಪಸ್ ಬರಂಗೆ ಮಾಡಿದ್ರೆ, ಮಿಷನ್ ಇಲ್ಲದ ಪಿಚ್ಚರನ್ನ ಓದು ಬಾರದೋಳಿಗೆ ಎರವಲು ಕೊಟ್ಟಿದೀರಲ್ಲ, ನಿಮಗೇನು ತಲೆ ನೆಟ್ಟಗಿದೆಯಾ?"

"ಕಣ್ಣಿದ್ದೋರೆಲ್ಲ ನೋಡ್ತಾರೆ ಅಂತ ನೀವೇ ಅಂದಿದ್ರಲ್ಲ," ಎಂದೆ. ಅವರು ಒಂದು ತಿಂಗಳು ನನ್ನ ಹತ್ತಿರ ಮಾತು ಬಿಟ್ಟರು.

ಅಂಜಿನಮ್ಮನ ಮನೆ ನಾನು ಊಟಕ್ಕೆ ಹೋಗುವ ದಾರಿಯಲ್ಲೇ ಇತ್ತು. ದಿನಾ ಮಧ್ಯಾಹ್ನ ತಾಯಿ ಮಗಳು ಹಿತ್ತಲ ಬಾಗಿಲ ಬೆಳಕಿನಲ್ಲಿ ಕೂತಿರುತ್ತಿದ್ದರು. ಹಾಲಮ್ಮ ಪಟ್ಟಿ ಹಿಡಿದಿರುತ್ತಿದ್ದಳು, ಅಂಜಿನಮ್ಮ ಕಿರುಬೆರಳಿಗೆ ಬಟ್ಟೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ನಾನು ರಿಜಿಸ್ಟರ್ ಹಿಡಿದು ಒಳಗೆ ಹೋಗುತ್ತಿದ್ದೆ. ನಾಲ್ಕು ಹೆಬ್ಬೆಟ್ಟು ಬಿದ್ದವು.

ಅಕ್ಟೋಬರಿನಲ್ಲಿ ಒಂದು ಗುರುವಾರ ಸಂಜೆ, ಇನ್ನೇನು ಬಾಗಿಲು ಹಾಕಬೇಕು ಎನ್ನುವಾಗ ಅಂಜಿನಮ್ಮ ಬಂದಳು. ಡಬ್ಬಿ ಮಡಿ ಬಟ್ಟೆಯಲ್ಲಿ ಸುತ್ತಿತ್ತು. ಅವಳ ಮುಖ ನೋಡಿ ನನಗೆ ಏನೂ ತಿಳಿಯಲಿಲ್ಲ. ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು ನೆಲದ ಮೇಲೆ ಕೂತಳು.

"ಹೆಣ್ಣು ಕೂಸು ಮೇಷ್ಟ್ರೇ. ನೆನ್ನೆ ಮಧ್ಯಾಹ್ನ. ಹೊರಕ್ಕೆ ಬಂದಿದ್ದೇ ತಡ, ಅತ್ತುಬಿಡ್ತು. ಬೀದಿಗೆ ಕೇಳಂಗೆ ಅತ್ತುಬಿಡ್ತು."

ನಾನು ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಆಮೇಲೆ ನಗು ಬಂತು. ನೂರಹತ್ತು ರೂಪಾಯಿ, ಅರವತ್ತು ಪುಸ್ತಕ, ನಾನೂರು ಅಡಿ, ಆ ಕೂಸಿಗೆ ಇದು ಯಾವುದೂ ಬೇಕಾಗಿಯೇ ಇರಲಿಲ್ಲ. ಅಷ್ಟು ಸಂತೋಷದಿಂದ ನಾನು ನಕ್ಕದ್ದು ಕಡಿಮೆ.

"ಹಾಗಾದ್ರೆ ನಿನಗೆ ಕೆಲಸವೇ ಇರ್ಲಿಲ್ಲ ಅನ್ನು."

"ಏನೂ ಇರ್ಲಿಲ್ಲ. ಬಟ್ಟೆ ಸುತ್ಕಂಡಿದ್ದ ಬೆರಳು ಹಂಗೇ ಇತ್ತು. ಕೂಸು ಅಳ್ತಾ ಐತೆ, ನಾನು ಅದನ್ನ ಹಿಡ್ಕಂಡು ಸುಮ್ನೆ ಕುಂತ್ಬಿಟ್ಟೆ. ಹಾಲಮ್ಮ ಮಲಗಿದ್ದೋಳು ಕತ್ತೆತ್ತಿ ನನ್ನ ಕೈ ನೋಡಿದ್ಲು. ‘ಒರಸವ್ವಾ’ ಅಂದ್ಲು. ‘ಅಳ್ತಾ ಐತಲ್ಲೇ, ಬೇಕಾಗಿಲ್ಲ’ ಅಂದೆ. ‘ಗೊತ್ತು ಕಣವ್ವಾ. ಆದ್ರೂ ಒರಸು’ ಅಂದ್ಲು."

ಅಂಜಿನಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ನನಗೂ ಕಣ್ಣು ತುಂಬಿ ಬಂದು ಎದುರಿನ ಬೀರು ಕಾಣದಾಯಿತು.

"ಒರಸ್ದೆ ಮೇಷ್ಟ್ರೇ," ಎಂದಳು. "ಎರಡು ಸಲ ಒರಸ್ದೆ."